ಸ್ವಿಚ್ ಆರಿಸಿದ ಮೇಲೂ ಉಳಿಯುವ ವಿದ್ಯುತ್: ಬ್ಯಾಟರಿ ಬ್ಯಾಂಕುಗಳನ್ನು ಸುರಕ್ಷಿತವಾಗಿ ಬೇರ್ಪಡಿಸುವ ಬಗೆ

ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಇಂದು ಯು.ಪಿ.ಎಸ್. ಇಲ್ಲದ ಘಟಕವನ್ನು ಹುಡುಕುವುದು ಕಷ್ಟ. ಸಿ.ಎನ್.ಸಿ. ಯಂತ್ರ, ಗಣಕ, ಪ್ರಯೋಗಾಲಯದ ಉಪಕರಣ, ಶೀತಲಗೃಹದ ನಿಯಂತ್ರಣ ಫಲಕ ಇವೆಲ್ಲಕ್ಕೂ ಕ್ಷಣಮಾತ್ರದ ವಿದ್ಯುತ್ ಕಡಿತವೂ ನಷ್ಟವೇ. ಹೀಗಾಗಿ ಬ್ಯಾಟರಿ ಕೊಳ್ಳುವ ಸಂದರ್ಭದಲ್ಲಿ ಉದ್ಯಮಿಗಳು ಬೆಲೆ, ಖಾತರಿಯ ಅವಧಿ, ಎಷ್ಟು ನಿಮಿಷ ನಡೆಯುತ್ತದೆ, ವಾರ್ಷಿಕ ನಿರ್ವಹಣಾ ಒಪ್ಪಂದ ಎಷ್ಟಕ್ಕೆ ಎಂಬುದನ್ನೆಲ್ಲ ವಿವರವಾಗಿ ವಿಚಾರಿಸುತ್ತಾರೆ. ಆದರೆ ಕೆಲವು ವರ್ಷಗಳ ನಂತರ ಅದೇ ಬ್ಯಾಟರಿಗಳನ್ನು ಕಳಚಿ ಹೊರಗಿಡುವ ದಿನ ಬಂದಾಗ, ಆ ಕೆಲಸವನ್ನು ಯಾರು, ಯಾವ ಕ್ರಮದಲ್ಲಿ ಮಾಡುತ್ತಾರೆ ಎಂದು ಕೇಳುವವರು ವಿರಳ. ಹಳೆಯ ಬ್ಯಾಟರಿಗೆ ಗುಜರಿ ಬೆಲೆ ಎಷ್ಟು ಸಿಕ್ಕೀತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ವಾಸ್ತವದಲ್ಲಿ ಬ್ಯಾಟರಿ ವ್ಯವಸ್ಥೆಯ ಆಯುಷ್ಯದಲ್ಲಿ ಮನುಷ್ಯನ ಕೈ ಅದರ ತುದಿಗಳಿಗೆ ಅತ್ಯಂತ ಸಮೀಪಕ್ಕೆ ಬರುವ ದಿನ ಅದು.

ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿ 2025ರ ಸೆಪ್ಟೆಂಬರ್ 26ರಂದು ನಡೆದ ಅವಘಡ ಇದಕ್ಕೆ ತಕ್ಕ ನಿದರ್ಶನ. ಅಲ್ಲಿನ ಸರ್ಕಾರದ ಗಣಕ ದತ್ತಾಂಶ ಕೇಂದ್ರದ ಐದನೆಯ ಮಹಡಿಯಲ್ಲಿದ್ದ ಯು.ಪಿ.ಎಸ್.ನ ಲಿಥಿಯಂ ಬ್ಯಾಟರಿಗಳನ್ನು ನೆಲಮಾಳಿಗೆಗೆ ಸಾಗಿಸುವ ಕೆಲಸ ನಡೆದಿತ್ತು. ಬ್ಯಾಟರಿಗಳನ್ನು ಗಣಕಯಂತ್ರಗಳಿಂದ ದೂರ ಇರಿಸಬೇಕೆಂಬ ಸದುದ್ದೇಶದಿಂದಲೇ ಕೈಗೊಂಡ ಕೆಲಸವದು. ಸಂಪರ್ಕ ಕಳಚುತ್ತಿರುವಾಗ ಕಿಡಿ ಹಾರಿ ಬೆಂಕಿ ಹತ್ತಿತು. 384 ಬ್ಯಾಟರಿ ಘಟಕಗಳು ಸುಟ್ಟುಹೋದವು. ಬೆಂಕಿಯನ್ನು ಪೂರ್ಣವಾಗಿ ನಂದಿಸಲು ಸುಮಾರು 22 ಗಂಟೆ ಹಿಡಿಯಿತು. ಅಂಚೆ, ಗುರುತಿನ ಚೀಟಿ ಮೊದಲಾದ ಸೇವೆಗಳೂ ಸೇರಿದಂತೆ 647 ಸರ್ಕಾರಿ ಗಣಕ ವ್ಯವಸ್ಥೆಗಳು ಸ್ಥಗಿತಗೊಂಡವೆಂದು ಅಲ್ಲಿನ ಸರ್ಕಾರ ಆಗ ಪ್ರಕಟಿಸಿತು. ಮುಖ್ಯ ವಿದ್ಯುತ್ತನ್ನು ಕಡಿತಗೊಳಿಸಿದ್ದರೂ ಬ್ಯಾಟರಿ ಚೌಕಟ್ಟುಗಳ ಪ್ರತ್ಯೇಕ ಬ್ರೇಕರುಗಳನ್ನೆಲ್ಲ ತೆರೆದಿರಲಿಲ್ಲ, ತಂತಿಯ ತುದಿಗಳಿಗೆ ನಿರೋಧಕ ಹೊದಿಕೆ ಹಾಕಿರಲಿಲ್ಲ, ಬ್ಯಾಟರಿಯ ಚಾರ್ಜನ್ನು ಮೊದಲೇ ಸಾಕಷ್ಟು ಇಳಿಸಿರಲಿಲ್ಲ ಎಂಬ ಸಂಗತಿಗಳು ಪೊಲೀಸರ ತನಿಖೆಯಲ್ಲಿ ಹೊರಬಿದ್ದವು. ಗುತ್ತಿಗೆ ಪಡೆದವರು ಕೆಲಸವನ್ನು ಬೇರೆಯವರಿಗೆ ವಹಿಸಿದ್ದ ವಿಷಯವೂ ಬೆಳಕಿಗೆ ಬಂತು.

ಇಲ್ಲಿ ಗಮನಿಸಬೇಕಾದುದು ‘ಮುಖ್ಯ ವಿದ್ಯುತ್ತನ್ನು ಕಡಿತಗೊಳಿಸಿದ್ದರೂ’ ಎಂಬ ಮಾತನ್ನು. ಯಂತ್ರೋಪಕರಣಗಳೊಡನೆ ವ್ಯವಹರಿಸುವವರಿಗೆಲ್ಲ ಒಂದು ಅಭ್ಯಾಸ ಮೈಗೂಡಿರುತ್ತದೆ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಂಡರೆ ಮುಂದಿನ ತಂತಿಯೆಲ್ಲ ನಿರ್ಜೀವ. ಮೋಟಾರು, ದೀಪ, ಕುಲುಮೆಗಳ ಮಟ್ಟಿಗೆ ಈ ಅಭ್ಯಾಸ ಬಹುಪಾಲು ಸರಿಯೇ. ವಿದ್ಯುತ್ತನ್ನು ಸಂಗ್ರಹಿಸಿಡುವ ಸಾಧನಗಳ ಮಟ್ಟಿಗೆ ಇದು ಪೂರ್ಣ ತಪ್ಪು. ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ ಸರಬರಾಜನ್ನು ನಿಲ್ಲಿಸಿದಾಗ ಕೆಲಸಕ್ಕೆ ಬರಲೆಂದೇ ಇಟ್ಟ ಸಾಧನವದು. ಮೇನ್ ಸ್ವಿಚ್ ಇಳಿಸುವುದೆಂದರೆ ಅದನ್ನು ಎಚ್ಚರಿಸಿದಂತೆ.

ಆರಿಸಲಾಗದ ಸಾಧನ

ಮಧ್ಯಮ ಗಾತ್ರದ ಘಟಕವೊಂದರಲ್ಲಿ ಸಾಮಾನ್ಯವಾಗಿ ಕಾಣಬರುವ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. 12 ವೋಲ್ಟ್, 100 ಆಂಪಿಯರ್-ಗಂಟೆ ಸಾಮರ್ಥ್ಯದ 32 ಸೀಸ-ಆಮ್ಲ ಬ್ಯಾಟರಿಗಳನ್ನು ಒಂದರ ಹಿಂದೊಂದರಂತೆ ಸರಣಿಯಲ್ಲಿ ಜೋಡಿಸಲಾಗಿದೆ. ಲೆಕ್ಕಕ್ಕೆ ಇದು 384 ವೋಲ್ಟ್. ಚಾರ್ಜರ್ ಚಾಲನೆಯಲ್ಲಿರುವಾಗ ಪ್ರತಿ ಬ್ಯಾಟರಿಯ ಮೇಲೂ ಸುಮಾರು 13.5 ವೋಲ್ಟ್ ಇರುವುದರಿಂದ ಇಡೀ ಸಾಲಿನ ಮೇಲೆ 432 ವೋಲ್ಟ್‌ನಷ್ಟು ಇರುತ್ತದೆ. ಅದರಲ್ಲಿ ಅಡಗಿರುವ ಶಕ್ತಿ 38.4 ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯೊಂದಕ್ಕೆ 11 ದಿನ ಸಾಲುವಷ್ಟು ವಿದ್ಯುತ್ತು ಒಂದು ಕಬ್ಬಿಣದ ಚೌಕಟ್ಟಿನೊಳಗೆ ಸದ್ದಿಲ್ಲದೆ ಕುಳಿತಿದೆ ಎಂದಾಯಿತು.

ಈ ಸಾಲಿನಲ್ಲಿರುವ ಬ್ರೇಕರನ್ನು ತೆರೆದರೆ ಯು.ಪಿ.ಎಸ್.ಗೂ ಬ್ಯಾಟರಿಗೂ ನಡುವಣ ದಾರಿ ಮಾತ್ರ ಮುಚ್ಚುತ್ತದೆ. ಬ್ರೇಕರಿನ ಬ್ಯಾಟರಿ ಕಡೆಯ ತುದಿಗಳಲ್ಲಿ ಪೂರ್ಣ ವೋಲ್ಟೇಜು ಹಾಗೆಯೇ ಇರುತ್ತದೆ. ಬ್ಯಾಟರಿ ‘ಹೋಗಿದೆ’ ಎಂದು ತೀರ್ಮಾನಿಸಿದ ಮೇಲೂ ಅಷ್ಟೇ. ಐದು ನಿಮಿಷವೂ ಹೊರೆ ಹೊರಲಾರದ ಹಳೆಯ ಬ್ಯಾಟರಿ ಸಾಲು ಮನುಷ್ಯನೊಬ್ಬನ ಪ್ರಾಣ ತೆಗೆಯಲು ಬೇಕಾದ ವೋಲ್ಟೇಜನ್ನು ಧಾರಾಳವಾಗಿ ತೋರಿಸುತ್ತದೆ.

ಅಪಾಯ ಎರಡು ಬಗೆಯದು. ಒಂದು ಆಘಾತದ್ದು. ಅಂತರರಾಷ್ಟ್ರೀಯ ಮಾನಕಗಳು ಒಣ ಸ್ಥಿತಿಯಲ್ಲಿ 60 ವೋಲ್ಟ್ ಡಿ.ಸಿ.ಯನ್ನು ಎಲ್ಲೆಯಾಗಿ ಇರಿಸಿಕೊಂಡಿವೆ. ಅದಕ್ಕೆ ಮೇಲ್ಪಟ್ಟದ್ದನ್ನು ಬರಿಗೈಯಲ್ಲಿ ಮುಟ್ಟಬಾರದು. ಇನ್ನೊಂದು ಸುಡುವಿಕೆಯದು, ಇದಕ್ಕೆ ಹೆಚ್ಚು ವೋಲ್ಟೇಜು ಬೇಕಿಲ್ಲ. 12 ವೋಲ್ಟಿನ ಒಂದೇ ಬ್ಯಾಟರಿಯ ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ಸಾಕು. ಒಳಗಿನ ರೋಧ ಕೆಲವೇ ಮಿಲಿಓಮ್‌ಗಳಷ್ಟಿರುವುದರಿಂದ 2,000 ಆಂಪಿಯರ್‌ಗೂ ಮೀರಿದ ಪ್ರವಾಹ ಹರಿಯಬಲ್ಲದು. ಸ್ಪ್ಯಾನರ್ ಕೆಂಪಗೆ ಕಾದು, ಕರಗಿದ ಲೋಹ ಮುಖಕ್ಕೆ ಸಿಡಿಯುತ್ತದೆ. ಉಂಗುರ, ಕಡಗ, ಕೈಗಡಿಯಾರದ ಲೋಹದ ಪಟ್ಟಿ ತೊಟ್ಟು ಈ ಕೆಲಸಕ್ಕೆ ಇಳಿಯಬಾರದು ಎನ್ನುವುದು ಇದೇ ಕಾರಣಕ್ಕೆ.

ಎ.ಸಿ. ಬ್ರೇಕರು ಡಿ.ಸಿ.ಗೆ ಸಲ್ಲದು

ಬ್ಯಾಟರಿ ಕೊಡುವುದು ಡಿ.ಸಿ., ಅಂದರೆ ಏಕಮುಖ ವಿದ್ಯುತ್. ನಮ್ಮ ವಿತರಣಾ ಜಾಲದ ಎ.ಸಿ. ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳನ್ನು ಪೂರೈಸುವಾಗ 100 ಬಾರಿ ಶೂನ್ಯಕ್ಕೆ ಇಳಿಯುತ್ತದೆ. ಸ್ವಿಚ್ ತೆರೆದಾಗ ಏಳುವ ಕಿಡಿ ಈ ಶೂನ್ಯ ಬಿಂದುವಿನಲ್ಲಿ ತಾನಾಗಿ ಆರಿಹೋಗಲು ಅವಕಾಶವಿದೆ. ಡಿ.ಸಿ.ಯಲ್ಲಿ ಶೂನ್ಯ ಬಿಂದುವೇ ಇಲ್ಲ. ಹೊರೆಯಿರುವಾಗ ಸಂಪರ್ಕ ಬಿಡಿಸಿದರೆ ಕಿಡಿ ಎಳೆದಷ್ಟೂ ಉದ್ದವಾಗುತ್ತಾ, ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಸುಡುತ್ತಾ ಉರಿಯುತ್ತಲೇ ಇರುತ್ತದೆ. ವೆಲ್ಡಿಂಗ್ ಕೆಲಸ ಕಂಡವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಆದುದರಿಂದ ಬ್ಯಾಟರಿ ಸಾಲಿನಲ್ಲಿ ಡಿ.ಸಿ.ಗೆಂದೇ, ಆ ವೋಲ್ಟೇಜಿಗೆಂದೇ ತಯಾರಾದ ಬ್ರೇಕರು ಇರಬೇಕು. ಕೈಗೆ ಸುಲಭವಾಗಿ ಸಿಗುವ ಎ.ಸಿ. ಎಂ.ಸಿ.ಬಿ.ಯನ್ನು ಹಾಕಿ ಹಣ ಉಳಿಸಿದ ಉದಾಹರಣೆಗಳು ಸಣ್ಣ ಘಟಕಗಳಲ್ಲಿ ಕಡಿಮೆಯೇನಲ್ಲ. ಸಾಮಾನ್ಯ ದಿನಗಳಲ್ಲಿ ಅದು ದೋಷ ತೋರಿಸುವುದಿಲ್ಲ, ತೆರೆಯಬೇಕಾದ ದಿನ ಮಾತ್ರ ತೆರೆಯದು. ಕೆಲವು ಡಿ.ಸಿ. ಬ್ರೇಕರುಗಳ ಮೇಲೆ ಧನ, ಋಣ ಚಿಹ್ನೆಗಳಿರುತ್ತವೆ. ಅವುಗಳನ್ನು ತಿರುವುಮುರುವು ಜೋಡಿಸಿದರೆ ಕಿಡಿ ಆರಿಸುವ ಶಕ್ತಿಯೇ ಕುಂದುತ್ತದೆ. ಹೊರೆಯಿರುವಾಗ ಎಳೆದು ಬಿಡಿಸಬಾರದ ಪ್ಲಗ್ ಮಾದರಿಯ ಕನೆಕ್ಟರುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಬೇರ್ಪಡಿಸುವ ಕ್ರಮ

ಎಲ್ಲ ಯು.ಪಿ.ಎಸ್.ಗಳಿಗೂ ಹೊಂದುವ ಒಂದೇ ಕ್ರಮವಿಲ್ಲ, ತಯಾರಕರ ಕೈಪಿಡಿಯಲ್ಲಿ ಹೇಳಿದ ಅನುಕ್ರಮವೇ ಅಂತಿಮ. ಆದರೆ ಎಲ್ಲ ಕೈಪಿಡಿಗಳ ಹಿಂದಿರುವ ತರ್ಕ ಒಂದೇ: ಮೊದಲು ಪ್ರವಾಹವನ್ನು ಶೂನ್ಯಕ್ಕೆ ತರಬೇಕು, ಆಮೇಲೆ ಸಂಪರ್ಕ ತೆರೆಯಬೇಕು, ತೆರೆದದ್ದನ್ನು ಮತ್ತೊಬ್ಬರು ಮುಚ್ಚದಂತೆ ಬೀಗ ಹಾಕಬೇಕು, ಅಳೆದು ನೋಡಬೇಕು, ಅನಂತರವಷ್ಟೇ ಕೈ ಹಾಕಬೇಕು.

ಮೊದಲಿಗೆ ಹೊರೆ. ಯಂತ್ರಗಳನ್ನು ಕ್ರಮವಾಗಿ ನಿಲ್ಲಿಸಬೇಕು, ಇಲ್ಲವೇ ಯು.ಪಿ.ಎಸ್.ನ ಬೈಪಾಸ್ ಮೂಲಕ ನೇರ ಸರಬರಾಜಿಗೆ ವರ್ಗಾಯಿಸಬೇಕು. ಇನ್ವರ್ಟರ್ ಚಾಲನೆಯಲ್ಲಿರುವಾಗಲೇ ನಿರ್ವಹಣಾ ಬೈಪಾಸ್ ಸ್ವಿಚ್ಚನ್ನು ತಿರುಗಿಸಿದರೆ ಎರಡು ಮೂಲಗಳು ಎದುರುಬದುರಾಗಿ ಯಂತ್ರ ಹಾಳಾಗುವ ಸಂಭವವಿದೆ; ಯು.ಪಿ.ಎಸ್. ತಾನೇ ಬೈಪಾಸಿಗೆ ಬಂದಿದೆ ಎಂದು ಫಲಕದಲ್ಲಿ ಖಚಿತಪಡಿಸಿಕೊಂಡ ನಂತರವೇ ಸ್ವಿಚ್ಚಿಗೆ ಕೈಯಿಡಬೇಕು. ಬಳಿಕ ಇನ್ವರ್ಟರನ್ನು ನಿಲ್ಲಿಸಿ, ಕೈಪಿಡಿ ಹೇಳಿದ ಅನುಕ್ರಮದಲ್ಲಿ ಚಾರ್ಜರಿನ ಒಳಬರುವ ಸರಬರಾಜನ್ನೂ ಬ್ಯಾಟರಿ ಬ್ರೇಕರನ್ನೂ ತೆರೆಯುವುದು. ಎರಡು ಅಥವಾ ಮೂರು ಬ್ಯಾಟರಿ ಸಾಲುಗಳು ಸಮಾನಾಂತರವಾಗಿದ್ದಲ್ಲಿ ಪ್ರತಿ ಸಾಲಿನ ಬ್ರೇಕರನ್ನೂ ಪ್ರತ್ಯೇಕವಾಗಿ ತೆರೆಯಲೇಬೇಕು. ಒಂದನ್ನು ಮರೆತರೂ ಅದು ಉಳಿದೆಲ್ಲ ಕೇಬಲ್ಲುಗಳಿಗೆ ಜೀವ ತುಂಬುತ್ತದೆ. ಡೇಜಾನಿನಲ್ಲಿ ತಪ್ಪಿದ್ದು ಇಲ್ಲಿಯೇ. ಜನರೇಟರು ತಾನಾಗಿ ಚಾಲನೆಗೊಳ್ಳುವ ವ್ಯವಸ್ಥೆಯಿದ್ದರೆ ಅದನ್ನೂ ಆ ಅವಧಿಗೆ ಕೈಚಾಲನೆಗೆ ಬದಲಿಸತಕ್ಕದ್ದು.

ಬ್ರೇಕರು ತೆರೆದ ಕೂಡಲೇ ಯು.ಪಿ.ಎಸ್. ಒಳಭಾಗ ನಿರ್ಜೀವವಾಗುವುದಿಲ್ಲ. ಅದರೊಳಗಿನ ಕೆಪಾಸಿಟರುಗಳು ಕೆಲ ನಿಮಿಷ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಸಾಮಾನ್ಯವಾಗಿ ಬಾಗಿಲ ಒಳಮೈಯಲ್ಲೇ ಮುದ್ರಿಸಿರುತ್ತಾರೆ. ಅದರ ಜೊತೆಗೆ, ಬೈಪಾಸ್‌ನಲ್ಲಿ ಹೊರೆ ನಡೆಯುತ್ತಿದ್ದರೆ ಹೊರಹೋಗುವ ತುದಿಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ ಎಂಬುದನ್ನು ಮರೆಯಲಾಗದು.

ಇನ್ನು ಅಳೆಯುವಿಕೆ. ಮೀಟರು ಶೂನ್ಯ ತೋರಿಸಿದರೆ ಎರಡು ಅರ್ಥ ಸಾಧ್ಯ: ತಂತಿಯಲ್ಲಿ ವಿದ್ಯುತ್ ಇಲ್ಲ, ಅಥವಾ ಮೀಟರೇ ಕೆಟ್ಟಿದೆ. ಆದ್ದರಿಂದ ವಿದ್ಯುತ್ ಇದೆಯೆಂದು ತಿಳಿದಿರುವ ಮೂಲದಲ್ಲಿ ಮೊದಲು ಮೀಟರನ್ನು ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದಲ್ಲಿ ಅಳೆದು, ಪುನಃ ತಿಳಿದ ಮೂಲದಲ್ಲಿ ಪರೀಕ್ಷಿಸುವುದು ಪದ್ಧತಿ. ಮೀಟರು ಎ.ಸಿ. ಸ್ಥಾನದಲ್ಲಿದ್ದಾಗ ಡಿ.ಸಿ.ಯನ್ನು ತೋರಿಸದೆ ಇರಬಹುದು. ಎರಡೂ ಸ್ಥಾನಗಳಲ್ಲಿ ನೋಡಬೇಕು. ನಿಯಾನ್ ಟೆಸ್ಟರನ್ನು ಈ ಕೆಲಸಕ್ಕೆ ನಂಬತಕ್ಕದ್ದಲ್ಲ.

ಬ್ಯಾಟರಿ ಸಾಲಿನ ಎರಡೂ ಕೊನೆಗಳನ್ನು ಭೂಮಿಗೆ ಹೋಲಿಸಿ ಅಳೆಯುವುದೂ ಅವಶ್ಯ. ಬೇರ್ಪಟ್ಟ ಸಾಲು ಭೂಮಿಯೊಡನೆ ಯಾವ ಸಂಬಂಧವನ್ನೂ ಹೊಂದಿರಬಾರದು. ಆದರೆ ಒಂದು ಬ್ಯಾಟರಿ ಸೋರಿ, ಆಮ್ಲದ ತೇವ ಕಬ್ಬಿಣದ ಚೌಕಟ್ಟಿಗೆ ತಗುಲಿದ್ದರೆ ಚಿತ್ರವೇ ಬದಲಾಗುತ್ತದೆ. ಆಗ ಭೂಮಿಯ ಮೇಲೆ ನಿಂತು ಸಾಲಿನ ಆಚೆಯ ಕೊನೆಯನ್ನು ಮುಟ್ಟಿದವನ ಮೈಮೇಲೆ ನೂರಾರು ವೋಲ್ಟ್ ಹರಿಯುತ್ತದೆ, ಅವನು ಒಂದೇ ತುದಿಯನ್ನು ಮುಟ್ಟಿದ್ದರೂ ಸಹ. ‘ಒಂದೇ ಕೈಯಲ್ಲಿ ಮುಟ್ಟಿದರೆ ಏನೂ ಆಗದು’ ಎಂಬ ಕಾರ್ಖಾನೆಯ ನಂಬಿಕೆ ಇಲ್ಲಿ ಜೀವಕ್ಕೆ ಎರವಾಗುತ್ತದೆ.

ಗ್ಯಾರೇಜುಗಳಿಂದ ಬಂದ ಇನ್ನೊಂದು ರೂಢಿಯ ಬಗೆಗೂ ಎರಡು ಮಾತು. ಕಾರಿನ ಬ್ಯಾಟರಿಯನ್ನು ಬಿಚ್ಚುವಾಗ ಋಣ ತುದಿಯನ್ನೇ ಮೊದಲು ತೆಗೆಯಬೇಕೆಂದು ಎಲ್ಲರೂ ಬಲ್ಲರು. ಇಂದಿನ ವಾಹನಗಳಲ್ಲಿ ಋಣ ತುದಿಯನ್ನು ವಾಹನದ ಲೋಹದ ಮೈಗೆ ಜೋಡಿಸಿರುತ್ತಾರೆ. ಧನ ತುದಿಯನ್ನು ಮೊದಲು ಬಿಚ್ಚಹೊರಟರೆ ಸ್ಪ್ಯಾನರ್ ಮೈಗೆ ತಗುಲಿದಾಗ ಶಾರ್ಟ್ ಆಗುತ್ತದೆ. ರೂಢಿಗೆ ಇರುವ ಕಾರಣ ಇಷ್ಟೇ. ಯು.ಪಿ.ಎಸ್. ಬ್ಯಾಟರಿ ಸಾಲಿಗೆ ಇಂತಹ ‘ಮೈ’ ಇಲ್ಲ. ಅಲ್ಲಿ ಋಣ ತುದಿಯನ್ನು ಮೊದಲು ತೆಗೆದೆವೆಂಬ ಧೈರ್ಯಕ್ಕೆ ಆಧಾರವಿಲ್ಲ.

ಅಲ್ಲಿ ಬೇಕಾದುದು ವಿಭಜನೆ. ಸಾಲಿನ ಮಧ್ಯದ ಲಿಂಕನ್ನು ತೆಗೆದರೆ 384 ವೋಲ್ಟಿನ ಸಾಲು 192 ವೋಲ್ಟಿನ ಎರಡು ತುಂಡಾಗುತ್ತದೆ. ಹೀಗೆಯೇ ಮುಂದುವರಿದು ನಾಲ್ಕು ನಾಲ್ಕು ಬ್ಯಾಟರಿಗಳ ಗುಂಪುಗಳನ್ನಾಗಿ ಮಾಡಿದರೆ ಪ್ರತಿ ಗುಂಪಿನ ಮೇಲೂ ಸುಮಾರು 52 ವೋಲ್ಟ್ ಉಳಿಯುತ್ತದೆ, ಅಂದರೆ ಮೇಲೆ ಹೇಳಿದ 60 ವೋಲ್ಟಿನ ಎಲ್ಲೆಯೊಳಗೆ. 32 ಬ್ಯಾಟರಿಗಳ ಸಾಲಿಗೆ ಒಟ್ಟು ಏಳು ಲಿಂಕುಗಳನ್ನು ತೆಗೆದರೆ ಎಂಟು ಗುಂಪುಗಳಾದವು. ಉಳಿದ ಬೋಲ್ಟುಗಳನ್ನು ಸಡಿಲಿಸುವ ಕೆಲಸ ಇದಾದ ಮೇಲೆ. ಅತ್ಯಂತ ಎಚ್ಚರ ಬೇಕಾದುದು ಮೊದಲ ಲಿಂಕಿಗೆ, ಏಕೆಂದರೆ ಆಗ ಇಡೀ ಸಾಲು ಇನ್ನೂ ಒಂದಾಗಿಯೇ ಇರುತ್ತದೆ. ಆ ವೋಲ್ಟೇಜಿಗೆ ತಕ್ಕ ರಬ್ಬರು ಕೈಗವಸು, ಮುಖಕವಚ, ಹಿಡಿಕೆಯಿಂದ ಬಾಯಿಯವರೆಗೂ ನಿರೋಧಕ ಲೇಪವಿರುವ ಸ್ಪ್ಯಾನರುಗಳು ಬೇಕು. ತೆಗೆದ ಪ್ರತಿ ತುದಿಗೂ ಕೂಡಲೇ ನಿರೋಧಕ ಟೋಪಿ ತೊಡಿಸಬೇಕು. ಸ್ಪ್ಯಾನರಿಗೆ ಇನ್ಸುಲೇಷನ್ ಟೇಪು ಸುತ್ತಿ ಕೆಲಸ ಸಾಗಿಸುವುದನ್ನು ಅನೇಕ ಕಡೆ ನೋಡುತ್ತೇವೆ; ಜಾರಿ ಬಿದ್ದ ಸ್ಪ್ಯಾನರಿನ ಅಂಚಿಗೆ ಟೇಪು ಯಾವ ಲೆಕ್ಕ?

ಬ್ಯಾಟರಿ ಕೊಠಡಿಯ ಗಾಳಿಯ ಕಡೆಗೂ ಗಮನವಿರಲಿ. ಚಾರ್ಜಾಗುವ ಸೀಸ-ಆಮ್ಲ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಮುಚ್ಚಿದ ಮಾದರಿಯ ಬ್ಯಾಟರಿಗಳಲ್ಲಿ ಇದು ಅಲ್ಪವಾದರೂ, ಅತಿಯಾಗಿ ಚಾರ್ಜಾದಾಗ ಅವುಗಳ ಕವಾಟವೂ ತೆರೆದುಕೊಳ್ಳುತ್ತದೆ. ಗಾಳಿಯಲ್ಲಿ ಶೇ. 4ರಷ್ಟು ಜಲಜನಕ ಸೇರಿದರೆ ಒಂದು ಕಿಡಿ ಸಾಕು. ಚಾರ್ಜರನ್ನು ನಿಲ್ಲಿಸಿ, ಕಿಟಕಿ ತೆರೆದು, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಕೆಲಸ ಆರಂಭಿಸುವುದು ಲೇಸು. ಊದಿಕೊಂಡ ಅಥವಾ ಮುಟ್ಟಿದರೆ ಬಿಸಿಯಾಗಿರುವ ಬ್ಯಾಟರಿ ಕಂಡರೆ ಆ ದಿನ ಕೆಲಸವನ್ನೇ ಮುಂದಕ್ಕೆ ಹಾಕಿ ತಯಾರಕರ ತಂತ್ರಜ್ಞರನ್ನು ಕರೆಸಬೇಕು.

ಕೆಪಾಸಿಟರ್ ಫಲಕಗಳು

ಪವರ್ ಫ್ಯಾಕ್ಟರ್ ಕುಸಿದರೆ ಬಿಲ್ಲಿನಲ್ಲಿ ಹೆಚ್ಚುವರಿ ಶುಲ್ಕ ಬೀಳುವುದರಿಂದ ಕೆಪಾಸಿಟರ್ ಫಲಕಗಳು ಬಹುತೇಕ ಕಾರ್ಖಾನೆಗಳಲ್ಲಿವೆ. ಇವೂ ಸಂಗ್ರಾಹಕಗಳೇ. ಬ್ಯಾಟರಿಗಿಂತ ಇವುಗಳ ಶಕ್ತಿ ಬಹಳ ಕಡಿಮೆ, ಆದರೆ ಅದನ್ನು ಬಿಟ್ಟುಕೊಡುವುದು ಒಂದೇ ಕ್ಷಣದಲ್ಲಿ. 1,000 ವೋಲ್ಟಿನವರೆಗಿನ ಕೆಪಾಸಿಟರುಗಳಿಗಿರುವ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಅವುಗಳ ಜೊತೆಗಿರುವ ರೋಧಕಗಳು 3 ನಿಮಿಷಗಳಲ್ಲಿ ವೋಲ್ಟೇಜನ್ನು 75ಕ್ಕೆ ಇಳಿಸಬೇಕು. ಆ ರೋಧಕ ಸುಟ್ಟುಹೋಗಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ, 3 ನಿಮಿಷವಲ್ಲ ಇಡೀ ದಿನ ಕಾದರೂ ಪ್ರಯೋಜನವಿಲ್ಲ. ಕಾದು, ಅಳೆದು, ಆಮೇಲೆ ತಕ್ಕ ರೋಧಕದ ಮೂಲಕ ಖಾಲಿ ಮಾಡಿ, ಭೂಸಂಪರ್ಕ ಕೊಟ್ಟು ಮುಟ್ಟುವುದು ಸರಿಯಾದ ಕ್ರಮ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳು, 2010ರ ಹಳೆಯವು ಹಾಗೂ ಅವುಗಳ ಸ್ಥಾನದಲ್ಲಿ 2023ರಲ್ಲಿ ಬಂದವು, ಉಪಕರಣವನ್ನು ಮುಟ್ಟುವ ಮುನ್ನ ಅದನ್ನು ಭೂಸಂಪರ್ಕದಿಂದಲೋ ಬೇರೆ ತಕ್ಕ ವಿಧಾನದಿಂದಲೋ ವಿಸರ್ಜಿಸಬೇಕೆಂದು ಹೇಳುತ್ತವೆ. ಕೆಪಾಸಿಟರಿಗೆ ಇದು ಅಕ್ಷರಶಃ ಹೊಂದುತ್ತದೆ. ಬ್ಯಾಟರಿಗೆ ಹೊಂದದು. ಬ್ಯಾಟರಿಯ ತುದಿಗಳನ್ನು ಶಾರ್ಟ್ ಮಾಡಿ ‘ಖಾಲಿ’ ಮಾಡಹೊರಟರೆ ಸ್ಫೋಟವೇ ಗತಿ. ಭೂಸಂಪರ್ಕದ ಸರಪಳಿಯನ್ನು ಕೆಪಾಸಿಟರಿಗೆ ಹಾಕಿ ಅಭ್ಯಾಸವಿರುವ ಹಿರಿಯ ಎಲೆಕ್ಟ್ರಿಷಿಯನ್ನರಿಗೂ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗುತ್ತದೆ.

ಲಿಥಿಯಂ ಮತ್ತು ಸೌರ ವ್ಯವಸ್ಥೆಗಳು

ಸೀಸ-ಆಮ್ಲದ ಜಾಗಕ್ಕೆ ಲಿಥಿಯಂ ಬರುತ್ತಿದೆ. ಇದರೊಳಗಿನ ನಿಯಂತ್ರಣ ಮಂಡಲಿ, ಅಂದರೆ ಬಿ.ಎಂ.ಎಸ್., ದೋಷ ಕಂಡಾಗ ಒಳಗಿನ ಸಂಪರ್ಕವನ್ನು ತಾನೇ ತೆರೆಯುತ್ತದೆ. ಆಗ ಹೊರಗಿನ ತುದಿಗಳಲ್ಲಿ ಮೀಟರು ಶೂನ್ಯ ತೋರಿಸಬಹುದು, ಒಳಗಿನ ಕೋಶಗಳು ಮಾತ್ರ ತುಂಬಿಯೇ ಇರುತ್ತವೆ. ಪೆಟ್ಟಿಗೆಯನ್ನು ಬಿಚ್ಚಿದವನಿಗೆ ಇದು ದೊಡ್ಡ ಮೋಸ. ತಲಾ 3.2 ವೋಲ್ಟಿನ 16 ಕೋಶಗಳ 51.2 ವೋಲ್ಟಿನ ಪೆಟ್ಟಿಗೆಗಳು ಈಗ ಸೌರ ಇನ್ವರ್ಟರುಗಳ ಜೊತೆ ವ್ಯಾಪಕವಾಗಿ ಮಾರಾಟವಾಗುತ್ತಿವೆ. 60 ವೋಲ್ಟಿಗಿಂತ ಕಡಿಮೆಯಾದುದರಿಂದ ಆಘಾತದ ಭಯ ಅಷ್ಟಿಲ್ಲ, ಸುಡುವಿಕೆಯ ಭಯ ಪೂರ್ತಿ ಇದೆ.

ಹೊಗೆ ಬಂದ ಲಿಥಿಯಂ ವ್ಯವಸ್ಥೆಯನ್ನು ಬೇರ್ಪಡಿಸಲು ನಮ್ಮ ಸಿಬ್ಬಂದಿಯನ್ನು ಒಳಗೆ ಕಳುಹಿಸುವುದು ಸರ್ವಥಾ ಕೂಡದು. ಅಮೆರಿಕದ ಅರಿಜೋನಾ ರಾಜ್ಯದ ಸರ್‌ಪ್ರೈಸ್ ಎಂಬ ಊರಿನಲ್ಲಿ 2019ರ ಏಪ್ರಿಲ್ 19ರಂದು ಬ್ಯಾಟರಿ ಸಂಗ್ರಹಾಗಾರವೊಂದರಿಂದ ಹೊಗೆ ಬಂತು. ಬೆಂಕಿ ನಂದಿಸುವ ಅನಿಲ ವ್ಯವಸ್ಥೆ ಕೆಲಸ ಮಾಡಿತ್ತು. ಆದರೂ ಕೋಶಗಳು ಒಂದರಿಂದೊಂದಕ್ಕೆ ಕಾದು, ಹೊರಬಿಟ್ಟ ದಹನಶೀಲ ಅನಿಲ ಒಳಗೇ ತುಂಬಿಕೊಂಡಿತು. ಗಂಟೆಗಳ ನಂತರ ಅಗ್ನಿಶಾಮಕ ಸಿಬ್ಬಂದಿ ಬಾಗಿಲು ತೆರೆದಾಗ ಸ್ಫೋಟವಾಗಿ ಹಲವರು ತೀವ್ರವಾಗಿ ಗಾಯಗೊಂಡರು. ಇಂತಹ ಸಂದರ್ಭದಲ್ಲಿ ಹೊರಗಿನಿಂದಲೇ ತೆರೆಯಬಹುದಾದ ಸ್ವಿಚ್ ಇದ್ದರೆ ತೆರೆದು, ಜನರನ್ನು ದೂರ ಕಳುಹಿಸಿ, ಅಗ್ನಿಶಾಮಕ ಠಾಣೆಗೆ ‘ಇದು ಲಿಥಿಯಂ ಬ್ಯಾಟರಿ’ ಎಂದು ಸ್ಪಷ್ಟವಾಗಿ ತಿಳಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ಛಾವಣಿಯ ಮೇಲೆ ಸೌರ ಫಲಕವೂ ಕೆಳಗೆ ಬ್ಯಾಟರಿಯೂ ಇದ್ದಲ್ಲಿ ಮೂಲಗಳು ಮೂರಾದವು: ಜಾಲ, ಬ್ಯಾಟರಿ, ಸೂರ್ಯ. ಮೂರಕ್ಕೂ ಬೇರೆ ಬೇರೆ ಐಸೊಲೇಟರುಗಳಿರಬೇಕು. ಹಗಲಿನಲ್ಲಿ ಫಲಕವನ್ನು ಆರಿಸುವ ಉಪಾಯವಿಲ್ಲ, ಅದರ ಕೇಬಲ್ಲು ಐಸೊಲೇಟರಿನವರೆಗೂ ಜೀವಂತವೇ. ಮೂರು ಸ್ವಿಚ್ಚುಗಳೂ ಎಲ್ಲಿವೆ ಎಂಬ ನಕ್ಷೆಯನ್ನು ಮೀಟರ್ ಫಲಕದ ಬಳಿ ಕನ್ನಡದಲ್ಲಿ ಅಂಟಿಸಿಡುವುದು ಒಳ್ಳೆಯದು; ರಾತ್ರಿ ಪಾಳಿಯ ಕಾವಲುಗಾರನೂ ಅದನ್ನು ಓದಬಲ್ಲವನಾಗಿರಬೇಕು.

ಕಳಚಿದ ನಂತರ

ಕೆಲಸವನ್ನು ಪರವಾನಗಿಯುಳ್ಳ ಗುತ್ತಿಗೆದಾರರಿಗೆ ವಹಿಸಿದ ಮಾತ್ರಕ್ಕೆ ಮಾಲೀಕರ ಹೊಣೆ ಮುಗಿಯುವುದಿಲ್ಲ. ಯಾವ ಬ್ರೇಕರು ಯಾವಾಗ ತೆರೆಯಿತು, ಬೀಗದ ಕೈ ಯಾರ ಬಳಿಯಿದೆ, ಅಳೆದ ವೋಲ್ಟೇಜು ಎಷ್ಟು, ಕೆಲಸ ಆರಂಭಿಸಲು ಅನುಮತಿ ಕೊಟ್ಟವರು ಯಾರು ಎಂಬುದು ಲಿಖಿತವಾಗಿರಬೇಕು. ಗುತ್ತಿಗೆದಾರರ ಕಡೆಯಿಂದ ನಿಜವಾಗಿ ಬಂದು ನಿಂತವರು ಯಾರು ಎಂಬುದನ್ನೂ ಅದರಲ್ಲಿ ನಮೂದಿಸಬೇಕು. ಅವಘಡವಾದರೆ ವಿದ್ಯುತ್ ಪರಿವೀಕ್ಷಕರೂ ವಿಮಾ ಸರ್ವೇಯರರೂ ಮೊದಲು ಕೇಳುವ ಕಾಗದ ಇದೇ.

ಗುಜರಿಯವರ ಕೂಲಿಯಾಳುಗಳೇ ಬಂದು ಬ್ಯಾಟರಿ ಬಿಚ್ಚಿಕೊಂಡು ಹೋಗುವ ಪದ್ಧತಿಯನ್ನು ಇಂದೇ ನಿಲ್ಲಿಸತಕ್ಕದ್ದು. ಹೊರಬಂದ ಬ್ಯಾಟರಿಗಳ ತುದಿಗಳಿಗೆ ಟೋಪಿ ಹಾಕಿ, ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸದೆ, ಮರದ ಹಲಗೆಯ ಮೇಲೆ ನೆರಳಿನಲ್ಲಿಡಬೇಕು. 2001ರ ಹಳೆಯ ನಿಯಮಗಳ ಬದಲಿಗೆ ಬಂದಿರುವ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸೀಸ-ಆಮ್ಲ, ಲಿಥಿಯಂ ಎರಡಕ್ಕೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಬಳಕೆದಾರರು ಹಳೆಯ ಬ್ಯಾಟರಿಗಳನ್ನು ಇತರ ಕಸದೊಡನೆ ಬೆರೆಸದೆ, ಸಂಗ್ರಹಣೆ, ನವೀಕರಣ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗೆ ಒಪ್ಪಿಸಬೇಕು. ಹೊಸ ಬ್ಯಾಟರಿಗೆ ಬೇಡಿಕೆ ಪತ್ರ ಬರೆಯುವಾಗಲೇ ಹಳೆಯದನ್ನು ಕಳಚುವ, ಸಾಗಿಸುವ ಹೊಣೆಯನ್ನು ಮಾರಾಟಗಾರರ ಮೇಲೆ ಲಿಖಿತವಾಗಿ ಹಾಕಿ, ಒಪ್ಪಿಸಿದ ರಸೀದಿಯನ್ನು ಕಡತದಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ. ದರಪಟ್ಟಿಯಲ್ಲಿ ಇದಕ್ಕೊಂದು ಪ್ರತ್ಯೇಕ ಸಾಲು ಕೇಳಿ ಪಡೆದರೆ, ಬಂದವರು ಕೈಗವಸು ತಂದಿದ್ದಾರೆಯೇ ಎಂದು ಕೇಳುವ ಅಧಿಕಾರವೂ ಮಾಲೀಕರಿಗೆ ದೊರೆಯುತ್ತದೆ.